ರೆಕಾರ್ಡು ಹಾಕುವ ಮೊದಲು

ಚಿಕಾಗೊ

ಪ್ರೀತಿಯ ಚಿಕ್ಕಪ್ಪನಿಗೆ ನಮಸ್ಕಾರಗಳು.

ಹಳೆಯ ಹಾಡಿನ ಪ್ಲೇಟುಗಳ (ರೆಕಾರ್ಡುಗಳ) ಪಾರ್ಸೆಲ್ ಈ ವಾರ ಉಡುಪಿ ತಲುಪಬೇಕು. ಪ್ಲೇಟು ಹಾಕುವ ಮೊದಲು ದಯವಿಟ್ಟು ಇದನ್ನು ಓದಿ.

ಮೇಲೆಯೇ ಇರುವುದು ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್‌ರ ‘ಐ ನೆವರ್ ಲವ್ಡ್ ಎ ಮ್ಯಾನ್’, ಅಟ್ಲಾಂಟಿಕ್ ಕಂಪನಿಯ 45, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಸಣ್ಣ ಪ್ಲೇಟು. ಅಲಬಾಮಾದ ಮಸಲ್ ಶೋಲ್ಸ್‌ನ ಫೇಮ್ ಸ್ಟುಡಿಯೋದಲ್ಲಿ 1967ರ ಜನವರಿ 24ರಂದು ಹಾಡಿದ್ದು. ಅಂದು ಪೂರ್ತಿಯಾದದ್ದು ಇದೊಂದೇ. ಹಿಂಬದಿಯ ಹಾಡು ಅರ್ಧಕ್ಕೆ ನಿಂತು ಆಮೇಲೆ ನ್ಯೂಯಾರ್ಕಿನಲ್ಲಿ ಮುಗಿಯಿತು. ಶುರುವಿನ ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೊ ಸ್ಪೂನರ್ ಓಲ್ಡಮ್ ನುಡಿಸಿದ್ದು. ಅದು ಹಾಕಿಕೊಟ್ಟ ದಾರಿಯಲ್ಲೇ ಅರೀಥಾ ದನಿ ಎತ್ತುತ್ತಾರೆ.

ಲೇಬಲಿನ ನಂಬರಿನ ಕೊನೆಗೆ ‘ಎಂಒ’ ಎಂದಿದೆ. ಲಾಸ್ ಏಂಜಲೀಸಿನ ಮೊನಾರ್ಕ್ ಕಾರ್ಖಾನೆಯಲ್ಲಿ ಅಚ್ಚಾದದ್ದು ಎಂದರ್ಥ. ಲೇಬಲಿನ ಸುತ್ತಲ ಖಾಲಿ ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗೀಚಿದ ಪುಟ್ಟ ತ್ರಿಕೋನ, ಪಕ್ಕದಲ್ಲೊಂದು ಸಂಖ್ಯೆ ಕಾಣುತ್ತದೆ. ಇಂಥ ಪ್ಲೇಟು ಮಾಮೂಲಿ ವಿನೈಲ್ ಅಲ್ಲ, ಸ್ಟೈರೀನ್ ಎಂಬ ಗಡಸು ಪ್ಲಾಸ್ಟಿಕ್. ಬೆರಳಿನಿಂದ ತಟ್ಟಿದರೆ ಟಣ್ ಅನ್ನುತ್ತದೆ, ಬಗ್ಗಿಸಿದರೆ ಒಡೆಯುತ್ತದೆ. ಸವೆದ ಮುಳ್ಳು ಒಮ್ಮೆ ಹಾದರೂ ಸಾಕು, ದನಿ ಏರಿದ ಕಡೆಯೆಲ್ಲ ಸರ್ ಎಂಬ ಸದ್ದು ಖಾಯಂ ಆಗಿ ಉಳಿಯುತ್ತದೆ. ಹಾಗಾಗಿ ಹೊಸ ಮುಳ್ಳು ಹಾಕಿದ ಮೇಲೆಯೇ ಇದನ್ನು ಹಾಕಿ; ಮುಳ್ಳು ಇಟ್ಟು ಪ್ಲೇಟನ್ನು ಕೈಯಿಂದ ಹಿಂದಕ್ಕೆ ತಿರುಗಿಸಲೇಬೇಡಿ. ನಡುವಿನ ದೊಡ್ಡ ತೂತಿಗೆ ಅಡಾಪ್ಟರ್ ಇಟ್ಟಿದ್ದೇನೆ.

ಈ ಪ್ಲೇಟು ಮೋನೊ, ಅಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು. ನಿಮ್ಮ ಆಂಪ್ಲಿಫೈಯರಿನ ಮೋನೊ ಗುಂಡಿ ಒತ್ತಿ ಕೇಳಿ. ಮೋನೊದಲ್ಲಿ ಹಾಡೆಲ್ಲ ಮುಳ್ಳು ಓಡುವ ತೋಡಿನ ಅಡ್ಡ ಅಲುಗಾಟದಲ್ಲಿರುತ್ತದೆ. ಧೂಳು, ಸವೆತದಿಂದ ಮುಳ್ಳು ಮೇಲೆ ಕೆಳಗೆ ಕುಣಿದು ಬರುವ ಸದ್ದನ್ನು ಆ ಗುಂಡಿ ಬಹುಪಾಲು ಅಳಿಸಿಬಿಡುತ್ತದೆ. ಚರಪರ ತಗ್ಗಿ ದನಿ ಮುಂದೆ ಬರುತ್ತದೆ.

ಆನ್ ಪೀಬಲ್ಸ್‌ರ ‘ಐ ಕಾಂಟ್ ಸ್ಟ್ಯಾಂಡ್ ದ ರೇನ್’ (1973) ಶುರುವಾಗುವಾಗ ಹನಿ ತೊಟ್ಟಿಕ್ಕಿದಂತೆ ಕೇಳುತ್ತದೆ. ಗೀರು ಎಂದು ಎತ್ತಿಬಿಡಬೇಡಿ, ಅದು ಎಲೆಕ್ಟ್ರಿಕ್ ಟಿಂಬಾಲೆ ಎಂಬ ತಾಳವಾದ್ಯ. ಮೆಂಫಿಸ್‌ನಲ್ಲಿ ನಿರ್ಮಾಪಕ ವಿಲೀ ಮಿಚೆಲ್ ಇದನ್ನು ಹಾಡಿನ ಮುಂಬಾಗಿಲಲ್ಲೇ ಇಟ್ಟರು. ಎಷ್ಟು ಕೇಳಿದರೂ ಹಳತಾಗದು.

ರೂತ್ ಬ್ರೌನ್‌ರ ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ (1950) ಅರಗಿನಿಂದ ಮಾಡಿದ 78, ನಿಮಿಷಕ್ಕೆ 78 ಸುತ್ತಿನ ಪ್ಲೇಟು. ಎಲ್‌ಪಿಯ ಮುಳ್ಳು ಇದಕ್ಕೆ ಸಣ್ಣದು: ತೋಡಿನ ತಳಕ್ಕಿಳಿದು ಬರೀ ಗರಗರ ಎನ್ನುತ್ತದೆ. ಸುಮಾರು 75 ಮೈಕ್ರಾನಿನ ಮುಳ್ಳು ಬೇಕು. ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗುತ್ತದೆ.

ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಕಾಗದದ ಕವರಿನಿಂದ ಶುರು. ಒಳಗೆ ಪಾಲಿಥೀನ್ ಕವರ್ ಹಾಕಿ. ಪಿವಿಸಿಯದು ಬೇಡ, ಪ್ಲೇಟಿನ ಮೇಲೆ ಮಬ್ಬು ಕೂರುತ್ತದೆ. ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ, ಹೊರಗೋಡೆಯಿಂದ ದೂರವಿಡಿ. ಬೂಷ್ಟು ಬಂದರೆ ಡಿಸ್ಟಿಲ್ಡ್ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಹಿಂಡಿ, ತೋಡಿನ ಸುತ್ತಿನ ದಿಕ್ಕಿನಲ್ಲೇ ಒರೆಸಿ. ಲೇಬಲಿಗೆ ನೀರು ತಾಗದಿರಲಿ.

ಮುಳ್ಳು ಕೂರುವ ನಿಮ್ಮ ಕಾರ್ಟ್ರಿಜ್ಜಿನ ಹೆಸರು, ನಂಬರು ತಿಳಿಸಿ, 78ರ ಮುಳ್ಳು ಇಲ್ಲಿಂದ ಕಳಿಸುತ್ತೇನೆ. ಚಿಕ್ಕಮ್ಮನಿಗೆ ನಮಸ್ಕಾರ ಹೇಳಿ.

ನಿಮ್ಮ ಮಗ