ಅಚ್ಚಿನ ಕೈಪಿಡಿ ನಿಲ್ಲುತ್ತಿದೆ: ನಮ್ಮ ಎಡಿಟರ್ ಬಳಸುವ ಎಲ್ಲರಿಗೂ ಒಂದು ಪತ್ರ

ಆತ್ಮೀಯರೇ, ನಮಸ್ಕಾರ.

ಕನ್ನಡ ಟೈಪ್ ಮಾಡಲು, ತಿದ್ದಲು ನೀವು ಬಳಸುವ ನಮ್ಮ ಎಡಿಟರ್ ತಂತ್ರಾಂಶದ ಸ್ಪೈರಲ್ ಬೈಂಡಿಂಗಿನ ನೀಲಿ ಕೈಪಿಡಿ ಈ ಯುಗಾದಿಯಿಂದ ಮಾರಾಟಕ್ಕೆ ಇರುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಬರೆದ ಕೈಪಿಡಿ ಎಡಿಟರಿನ ಒಳಗೇ ಇರುತ್ತದೆ. ಎಫ್1 ಒತ್ತಿದರೆ ತೆರೆದುಕೊಳ್ಳುತ್ತದೆ, ಇಂಟರ್‌ನೆಟ್ ಬೇಕಿಲ್ಲ. ಇದರ ಜೊತೆಗೆ ವರ್ಷದ ನವೀಕರಣ ಶುಲ್ಕ 150 ರೂಪಾಯಿ ಏರುತ್ತದೆ. ಒಂದನ್ನು ಈಗ ಹೇಳಿ ಇನ್ನೊಂದನ್ನು ಬಿಲ್ಲಿನಲ್ಲಿ ತೋರಿಸುವುದು ಸರಿಯಲ್ಲ ಎನಿಸಿ ಎರಡನ್ನೂ ಒಟ್ಟಿಗೇ ತಿಳಿಸುತ್ತಿದ್ದೇವೆ.

ಸುದ್ದಿ ಗೊತ್ತಾದಾಗಿನಿಂದ ಫೋನಿಗೆ ಬಿಡುವಿಲ್ಲ. "ಪುಸ್ತಕ ನಿಲ್ಲಿಸಿ ದುಡ್ಡು ಉಳಿಸಿಕೊಂಡರು, ಮೇಲಿಂದ ಶುಲ್ಕವನ್ನೂ ಏರಿಸಿದರು" ಎಂದು ಕೆಲವರು ಅಂದಿದ್ದಾರೆ. ಇಷ್ಟು ವರ್ಷ ನಮ್ಮ ಜೊತೆ ಇದ್ದವರ ಬಾಯಿಂದಲೇ ಇದನ್ನು ಕೇಳಿ ಬೇಸರವಾಯಿತು. ಹಾಗಾಗಿ ಲೆಕ್ಕ ಹೇಳಿಬಿಡುತ್ತೇವೆ.

ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಮತ್ತೆ ನಿಮಗೇನು ಖರ್ಚು ಎಂದು ಕೇಳುತ್ತೀರಿ. ಅಚ್ಚಾದ ಪುಸ್ತಕಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಅದಕ್ಕೆ ಕೊಂಡ ಕಾಗದಕ್ಕೂ ಶಾಯಿಗೂ ನಾವು ತೆರಿಗೆ ಕಟ್ಟಿರುತ್ತೇವೆ. ಬೇರೆ ಸರಕಾದರೆ ಅದನ್ನು ಮಾರುವಾಗ ಕಟ್ಟಬೇಕಾದ ತೆರಿಗೆಯಿಂದ ಕಳೆಯಬಹುದು. ಪುಸ್ತಕಕ್ಕೇ ತೆರಿಗೆ ಇಲ್ಲದ ಮೇಲೆ ಕಳೆಯುವುದು ಯಾವುದರಲ್ಲಿ? ಕಟ್ಟಿದ್ದೆಲ್ಲ ನಮ್ಮ ತಲೆಯ ಮೇಲೇ ಉಳಿಯುತ್ತದೆ. ಇನ್ನು ಪ್ರೆಸ್ಸಿನವರು ಐವತ್ತು ಪ್ರತಿ ಮಾತ್ರ ಹಾಕಿಕೊಡುವುದಿಲ್ಲ. ಹೆಚ್ಚು ಹಾಕಿಸಿದರೆ, ಎಡಿಟರಿನಲ್ಲಿ ಒಂದು ಮೆನು ಬದಲಾದ ದಿನವೇ ಉಳಿದ ಪ್ರತಿಗಳು ಹಳತಾಗುತ್ತವೆ. ಅಂಥ ಪುಸ್ತಕಗಳ ಕಟ್ಟುಗಳು ಈಗಲೂ ನಮ್ಮ ಅಟ್ಟದ ಮೇಲಿವೆ. ತಪ್ಪು ಹೇಳುವ ಕೈಪಿಡಿಯನ್ನು ಮಾರಲು ಮನಸ್ಸಾಗಲಿಲ್ಲ, ರದ್ದಿಗೆ ಹಾಕಲೂ ಕೈ ಬರಲಿಲ್ಲ.

ಶುಲ್ಕ ಏರಿಸಿದ್ದು ಇದಕ್ಕಲ್ಲ. ಹೊಸ ಕೈಪಿಡಿಯ ಪ್ರತಿ ವಾಕ್ಯವನ್ನೂ ಎಡಿಟರ್ ಮುಂದೆ ಕೂತು, ಮಾಡಿ ನೋಡಿ, ಆಮೇಲೆ ಬರೆಯಲಾಗಿದೆ. ಆ ಕೆಲಸಕ್ಕೆ ಇಬ್ಬರನ್ನು ಇಟ್ಟುಕೊಂಡಿದ್ದೇವೆ. ಒಬ್ಬರು ಡಿಟಿಪಿಯಲ್ಲೇ ಕೈ ಪಳಗಿದವರು, ಇನ್ನೊಬ್ಬರು ನಿವೃತ್ತ ಕನ್ನಡ ಮೇಷ್ಟ್ರು. ಏರಿದ 150 ರೂಪಾಯಿ ಹೋಗುವುದು ಅವರ ಸಂಬಳಕ್ಕೆ. ಬಿಲ್ಲಿನಲ್ಲಿ ಕಾಣುವ ಶೇ 18ರ ಜಿಎಸ್‌ಟಿಯಲ್ಲಿ ನಮಗೆ ಒಂದು ಪೈಸೆಯೂ ಇಲ್ಲ.

ಈಗ ನೀವು ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ ದೂರಿಗೆ ಬರೋಣ. "ಪುಸ್ತಕ ಹೇಳೋದೊಂದು, ಎಡಿಟರ್ ಮಾಡೋದೊಂದು." ಇದು ನಿಜ, ಮತ್ತು ತಪ್ಪು ನಮ್ಮದು.

ಕೋಲಾರದ ಕಡೆಯ ಗ್ರಾಹಕರೊಬ್ಬರು ಕಳೆದ ವರ್ಷ ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿ ತಿದ್ದಲು ಕೂತಿದ್ದರು. ಪಟ್ಟಿಯ ಸಾಲುಸಾಲಿನಲ್ಲೂ ಕೋಲಾರ. ಹುಡುಕಿದರೆ ಒಂದೂ ಸಿಗುತ್ತಿಲ್ಲ. ಕೈಪಿಡಿ ತೆಗೆದು ನೋಡಿದ್ದಾರೆ. "ಬೇಕಾದ ಪದ ಟೈಪ್ ಮಾಡಿ ಎಂಟರ್ ಒತ್ತಿ" ಎಂದಿದೆ, ಅಷ್ಟೇ. ರಾತ್ರಿ ಒಂಬತ್ತಕ್ಕೆ ಫೋನ್ ಬಂತು: "ಕಣ್ಣೆದುರಿಗೇ ಇದೆಯಲ್ಲ ಸ್ವಾಮಿ, ನಿಮ್ಮ ಎಡಿಟರಿಗೆ ಕಾಣಿಸ್ತಿಲ್ವಾ?"

ಆಗಿದ್ದು ಇದು. ಯೂನಿಕೋಡ್ ಎಂದರೆ ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಚಿಹ್ನೆಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ. ಅದರಲ್ಲಿ 'ಕೋ' ಅಕ್ಷರವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಇಡಬಹುದು. 'ಕ' ಆದಮೇಲೆ ಓತ್ವವನ್ನು ಒಂದೇ ಚಿಹ್ನೆಯಾಗಿ ಇಡಬಹುದು. ಅಥವಾ ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ತುಂಡು ಮಾಡಿಯೂ ಇಡಬಹುದು. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸ ಇರುವುದಿಲ್ಲ. ಎರಡೂ ಸಮ ಎಂದೇ ಯೂನಿಕೋಡ್ ನಿಯಮ ಹೇಳುತ್ತದೆ, ಆದರೆ ಹಾಗೆ ಎಣಿಸಿ ಹುಡುಕುವ ಕೆಲಸ ಎಡಿಟರಿನದು. ಯೂನಿಕೋಡಿಗೆ ಮುಂಚೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದ ಹಳೆಯ ಆಸ್ಕಿ ಫಾಂಟುಗಳಲ್ಲಿ ಅಕ್ಷರಗಳು ಇರುತ್ತಿದ್ದದ್ದೇ ತುಂಡುತುಂಡಾಗಿ. ಅಂಥ ಫೈಲನ್ನು ತುಂಡಿಗೆ ತುಂಡು ಎಂದು ಯೂನಿಕೋಡಿಗೆ ತಿರುಗಿಸಿದರೆ ಮೂರು ತುಂಡಿನ 'ಕೋ' ಉಳಿದುಬಿಡುತ್ತದೆ. ಅವರು ಕೀಲಿಮಣೆಯಲ್ಲಿ ಒತ್ತಿದ್ದು ಒಂದೇ ಚಿಹ್ನೆಯ 'ಕೋ'. ಎರಡೂ ಹೊಂದಲಿಲ್ಲ. ಆ ಪಟ್ಟಿಯನ್ನು ತಿರುಗಿಸಿದ್ದು ನಮ್ಮದೇ ಹಳೆಯ ಪರಿವರ್ತಕ. ಅವರಿಗೆ ಫೋನಿನಲ್ಲಿ ಕ್ಷಮೆ ಕೇಳಿದ್ದೇವೆ, ಇಲ್ಲಿ ನಿಮ್ಮೆಲ್ಲರಲ್ಲೂ ಕೇಳುತ್ತೇವೆ. ಈಗ ಎಡಿಟರ್ ಎರಡನ್ನೂ ಒಂದೇ ಎಂದು ಹುಡುಕುತ್ತದೆ. ಹಳೆಯ ಫೈಲುಗಳಲ್ಲಿನ ತುಂಡುಗಳನ್ನು ಕೂಡಿಸುವುದು ಹೇಗೆಂದು 'ಹುಡುಕು' ಅಧ್ಯಾಯದ ಮೊದಲ ಪುಟದಲ್ಲೇ ಬರೆದಿದ್ದೇವೆ.

ಬ್ಯಾಕ್‌ಸ್ಪೇಸ್ ಬಗ್ಗೆಯೂ ಹಾಗೇ ಆಗಿತ್ತು. "ಒಂದು ಸಲ ಒತ್ತಿದರೆ ಒಂದು ಅಕ್ಷರ ಅಳಿಯುತ್ತದೆ" ಎಂದು ಹಳೆಯ ಕೈಪಿಡಿಯಲ್ಲಿತ್ತು. 'ಸ್ತ್ರೀ' ಎಂದು ಟೈಪ್ ಮಾಡಿ ನೋಡಿ. ಓದುವವರಿಗೆ ಅದು ಒಂದಕ್ಷರ, ಯೂನಿಕೋಡಿನಲ್ಲಿ ಆರು ಚಿಹ್ನೆ. ಮೊದಲ ಸಲ ಒತ್ತಿದರೆ ಹೋಗುವುದು 'ಈ'ಕಾರ ಮಾತ್ರ, 'ಸ್ತ್ರ' ಉಳಿಯುತ್ತದೆ. ಪೂರ್ತಿ ಅಳಿಸಲು ಆರು ಸಲ ಒತ್ತಬೇಕು. ತಪ್ಪಾದ ಒತ್ತಕ್ಷರವೊಂದನ್ನೇ ತಿದ್ದಲು ಅನುಕೂಲವಾಗಲಿ ಎಂದೇ ಹಾಗೆ ಇಟ್ಟಿರುವುದು. ಅಕ್ಷರದ ಲೆಕ್ಕದಲ್ಲಿ ಮ್ಯಾಟರಿಗೆ ದರ ಹಾಕುವವರು ಎಣಿಕೆ ಜಾಸ್ತಿ ಬರುತ್ತಿದೆ ಎಂದು ಜಗಳ ಆಡಿದ್ದೂ ಇದಕ್ಕೇ. ಈಗ ಎಡಿಟರ್ ಪರದೆಯ ಕೆಳಗಿನ ಪಟ್ಟಿಯಲ್ಲಿ ಚಿಹ್ನೆಗಳ ಲೆಕ್ಕ, ಅಕ್ಷರಗಳ ಲೆಕ್ಕ ಎರಡೂ ಬೇರೆಬೇರೆ ಕಾಣುತ್ತವೆ, ಯಾವುದು ಏನು ಎಂದು ಕೈಪಿಡಿಯಲ್ಲಿದೆ.

'ರ‍್ಯಾಂಕ್' ಎಂದು ಒತ್ತಿದರೆ 'ರ್ಯಾಂಕ್' ಬರುತ್ತದೆ, 'ರಾಜ್‌ಕುಮಾರ್' ಎಂದರೆ 'ರಾಜ್ಕುಮಾರ್' ಆಗುತ್ತದೆ ಎಂದು ಕೇಳುತ್ತಿದ್ದವರಿಗೆ ಇನ್ನು ಫೋನಿನ ಅಗತ್ಯ ಬೀಳದು. ಇಂಥ ಪದಗಳನ್ನು ಸರಿಯಾಗಿ ಮೂಡಿಸಲು ಬೇಕಾದ, ಕಣ್ಣಿಗೆ ಕಾಣದ ಎರಡು ಜೋಡಿಸುವ, ಬಿಡಿಸುವ ಚಿಹ್ನೆಗಳಿಗೆ ಮೇಷ್ಟ್ರು ನಾಲ್ಕು ಪುಟ ಬರೆದಿದ್ದಾರೆ. ಇಷ್ಟು ತಿಳಿಯಾಗಿ ಇದನ್ನು ಕನ್ನಡದಲ್ಲಿ ವಿವರಿಸಿದ್ದನ್ನು ನಾವು ಬೇರೆಲ್ಲೂ ಓದಿಲ್ಲ. ಶಾಸನ, ಹಳಗನ್ನಡದ ಕೆಲಸ ಮಾಡುವವರಿಗಾಗಿ ಱ, ೞ ಜೊತೆಗೆ 2021ರಲ್ಲಿ ಯೂನಿಕೋಡಿಗೆ ಸೇರಿದ ನಕಾರ ಪೊಲ್ಲನ್ನೂ (ಸ್ವರವಿಲ್ಲದ 'ನ್'ಗೆ ಹಿಂದೆ ಇದ್ದ ಅಕ್ಷರ) ಸೇರಿಸಿದ್ದೇವೆ. ಅದರ ಜಾಗದಲ್ಲಿ ಚೌಕ ಕಂಡರೆ ಫೈಲು ಕೆಟ್ಟಿದೆ ಎಂದುಕೊಳ್ಳಬೇಡಿ, ನಿಮ್ಮ ಫಾಂಟಿನಲ್ಲಿ ಆ ಅಕ್ಷರ ಇಲ್ಲ ಎಂದರ್ಥ.

ಆಸ್ಕಿ ಕಾಲದ ಅಧ್ಯಾಯ ತೆಗೆದುಹಾಕುತ್ತಾರಂತೆ ಎಂಬ ಮಾತು ಹಬ್ಬಿದೆ. ತೆಗೆದಿಲ್ಲ. ನಿಮ್ಮ ಬೀರುವಿನಲ್ಲಿ ಇನ್ನೂ ಆ ಕಾಲದ ಫೈಲುಗಳ ಸೀಡಿಗಳಿವೆ ಎಂದು ನಮಗೆ ಗೊತ್ತು. 'ಕನ್ನಡ' ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಇರುವ ಎ, ಪೌಂಡಿನ ಗುರುತು ಕಂಡರೆ ಗಾಬರಿಯಾಗಿ ಫೈಲು ಅಳಿಸಬೇಡಿ. ಒಳಗಿನ ಮ್ಯಾಟರ್ ಹಾಗೇ ಇದೆ. ಆ ಅಧ್ಯಾಯವನ್ನು ಮೊದಲಿಗಿಂತ ದೊಡ್ಡದು ಮಾಡಿದ್ದೇವೆ.

ಪುಸ್ತಕ ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡಿ ಅಭ್ಯಾಸ ಎನ್ನುವವರ ಕಷ್ಟ ನಮಗೆ ಅರ್ಥವಾಗುತ್ತದೆ. ಎರಡು ಕಿಟಕಿ ತೆರೆದುಕೊಂಡರೆ ಚಿಕ್ಕ ಮಾನಿಟರಿನಲ್ಲಿ ಏನೂ ಕಾಣುವುದಿಲ್ಲ ಎಂಬುದೂ ನಿಜ. ಅದಕ್ಕೆ ಕೀಲಿಮಣೆಯ ಚಾರ್ಟನ್ನು ಲ್ಯಾಮಿನೇಟ್ ಮಾಡಿಸಿ, ನವೀಕರಣ ಮಾಡಿಸಿದ ಎಲ್ಲರಿಗೂ ಅಂಚೆಯಲ್ಲಿ ಕಳಿಸುತ್ತೇವೆ, ಬೇರೆ ದುಡ್ಡಿಲ್ಲ. ಯಾವ ಅಧ್ಯಾಯ ಬೇಕೋ ಅದನ್ನಷ್ಟೇ ಎಡಿಟರಿನಿಂದಲೇ ಪ್ರಿಂಟ್ ತೆಗೆಯಬಹುದು. ಕಳೆದ ಆರು ತಿಂಗಳಲ್ಲಿ ನೀಲಿ ಕೈಪಿಡಿ ಕೊಂಡವರು ಬಿಲ್ಲಿನ ಫೋಟೋ ಕಳಿಸಿದರೆ ಅದರ ಬೆಲೆಯನ್ನು ಮುಂದಿನ ಶುಲ್ಕದಲ್ಲಿ ಕಳೆಯುತ್ತೇವೆ. ಸಂಜೆ ಏಳರವರೆಗೆ ಫೋನ್ ಎತ್ತುವುದು ಇನ್ನು ಮುಂದೆಯೂ ಹಾಗೇ ಇರುತ್ತದೆ, ಎತ್ತುವವರೂ ಈವರೆಗೆ ಎತ್ತುತ್ತಿದ್ದವರೇ.

ಹೊಸ ಕೈಪಿಡಿಯಲ್ಲೂ ತಪ್ಪುಗಳು ಉಳಿದಿರಬಹುದು. ಪ್ರತಿ ಪುಟದ ಅಡಿಯಲ್ಲಿ ಅದನ್ನು ಕೊನೆಯ ಸಲ ತಿದ್ದಿದ ತಾರೀಕು ಇರುತ್ತದೆ. ತಪ್ಪು ಕಂಡರೆ ಆ ತಾರೀಕು, ಪುಟದ ಹೆಸರು, ನೀವು ಒತ್ತಿದ ಕೀಲಿ, ಪರದೆಯ ಮೇಲೆ ಬಂದದ್ದು ಇಷ್ಟನ್ನು ಬರೆದು ಕಳಿಸಿ. ತಿದ್ದಿದ ಪುಟ ಮುಂದಿನ ತಿಂಗಳ ನವೀಕರಣದಲ್ಲಿ ನಿಮ್ಮ ಯಂತ್ರಕ್ಕೆ ಬರುತ್ತದೆ.

ನಿಮ್ಮ ವಿಶ್ವಾಸಿಗಳು,
ಕೈಪಿಡಿ ಬರೆದವರು ಮತ್ತು ಎಡಿಟರ್ ಮಾಡಿದವರು