ತಪ್ಪು ಸೈಜಿನ ಟೈರ್ ವಾಪಸ್ ತಗೊಂಡು ದುಡ್ಡು ಕೊಡಿ

ಮಾನ್ಯರೇ,

ಫೋನ್ ಮಾಡಿ ಮರ್ಯಾದೆಯಿಂದ ಕೇಳಿದ್ದು ಸಾಕಾಯಿತು. ಯಾವಾಗ ಮಾಡಿದರೂ "ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ". ಬೆಳಿಗ್ಗೆ ಹತ್ತಕ್ಕೂ ಊಟ, ಸಂಜೆ ಐದಕ್ಕೂ ಊಟ.

ನನ್ನದು ಆಲ್ಟೋ 800. ಕಂಪನಿ ಕೊಟ್ಟ ಸೈಜ್ 145/80 ಆರ್12, ಅಂದರೆ 145 ಮಿ.ಮೀ. ಅಗಲದ ಟೈರ್, 12 ಇಂಚಿನ ರಿಮ್. ಅದು ಸ್ಟಾಕ್ ಇಲ್ಲ ಎಂದು ನಿಮ್ಮವರು 13 ಇಂಚಿನ ಅಲಾಯ್ ರಿಮ್ ಜೊತೆ 165/65 ಆರ್13 ಹಾಕಿದರು. "ಮೈಲೇಜ್ ಒಂದು ಚೂರೂ ಇಳಿಯಲ್ಲ" ಎಂದು ಗ್ಯಾರಂಟಿ ಬೇರೆ. ಬೇರೆ ಸೈಜ್ ಹಾಕುವ ಮೊದಲು ಗ್ರಾಹಕರ ಸಹಿ ತಗೋಬೇಕು ಅಂತ ನಿಮ್ಮ ಬಿಲ್ಲಿನ ಹಿಂದೆಯೇ ಇದೆ. ನನ್ನ ಸಹಿ ಎಲ್ಲಿದೆ, ತೋರಿಸಿ.

ತುಮಕೂರು-ಬೆಂಗಳೂರು ರಸ್ತೆಯಲ್ಲಿ ಲೀಟರಿಗೆ 20 ಕೊಡುತ್ತಿದ್ದ ಕಾರು ಈಗ 18ಕ್ಕೆ ಇಳಿದಿದೆ. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ನೋಡಿದ ಲೆಕ್ಕ, ಸುಮ್ನೆ ಅಂದಾಜಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಒಳಗೆ ಉಜ್ಜುವ ಸದ್ದು ಬೇರೆ.

ಶನಿವಾರ ಈ ಲೆಕ್ಕದ ಹಾಳೆ ಹಿಡಿದು ಬಂದೆ. ಅವತ್ತು ಮ್ಯಾನೇಜರ್ ಊಟ ಮಾಡುತ್ತಿರಲಿಲ್ಲ, ಟೀ ಕುಡಿಯುತ್ತಿದ್ದರು. ಹಾಳೆ ತಗೊಂಡವರು ಓದಲಿಲ್ಲ, ಅದರ ಮೇಲೆ ಲೋಟ ಇಟ್ಟರು. "ಎಸಿ ಹಾಕ್ತೀರಾ ಅಂಕಲ್?" ಇಲ್ಲ. "ಮನೇಲಿ ಬೇರೆ ಯಾರಾದ್ರೂ ಓಡಿಸ್ತಾರಾ?" ಇಲ್ಲಪ್ಪ. "ಹಂಗಾದ್ರೆ ಗಾಳಿ 40 ಇಟ್ಕೊಳ್ಳಿ." ಆಮೇಲೆ ಅಲೈನ್‌ಮೆಂಟ್ ಹುಡುಗನನ್ನು ಕೂಗಿ, "ನೋಡೋ, ಆಲ್ಟೋಗೆ ಇಷ್ಟೊಂದು ಲೆಕ್ಕ ಹಾಕೋರೂ ಇದಾರೆ" ಅಂದರು. ಹುಡುಗ ನಕ್ಕ. ಸೋಫಾ ಮೇಲೆ ಕೂತಿದ್ದ ಇನ್ನೊಬ್ಬ ಗಿರಾಕಿಯೂ ನಕ್ಕ. ಅಷ್ಟಕ್ಕೇ ಬಿಡಲಿಲ್ಲ. ಲೋಟ ಎತ್ತಿ, ನನ್ನ ಹಾಳೆ ತಿರುಗಿಸಿ, ಅದರ ಹಿಂದೆ ಆ ಗಿರಾಕಿಗೆ ಬ್ಯಾಲೆನ್ಸಿಂಗ್ ರೇಟ್ ಬರೆದು ಹರಿದುಕೊಟ್ಟರು! ನಾನು ನಿಂತೇ ಇದ್ದೆ. ಕೊನೆಗೆ ನನಗೂ ಒಂದು ಪಾಠ: "ಟೈರ್ ದೊಡ್ಡದಾದ್ರೆ ಮೀಟರ್ ಕಡಿಮೆ ತೋರ್ಸುತ್ತೆ ಅಂಕಲ್, ನಿಜವಾದ ಮೈಲೇಜ್ ಇಳಿದಿಲ್ಲ."

ಅಬ್ಬಾ, ಎಂಥಾ ವಿಜ್ಞಾನ! ಹಳೇ ಟೈರಿನ ವ್ಯಾಸ ಸುಮಾರು 537 ಮಿ.ಮೀ., ಹೊಸದು 545. ವ್ಯತ್ಯಾಸ ನೂರಕ್ಕೆ ಒಂದೂವರೆ. ಅಂದರೆ 20 ಇದ್ದದ್ದು ಮೀಟರಿನಲ್ಲಿ 19.7 ಕಾಣಬೇಕು. ಉಳಿದ 1.7 ಕಿಲೋಮೀಟರ್ ಎಲ್ಲಿಗೆ ಹೋಯಿತು, ಅದೂ ಊಟಕ್ಕೆ ಹೋಯಿತಾ? 20 ಮಿ.ಮೀ. ಜಾಸ್ತಿ ಅಗಲದ ಟೈರ್, ಅದರ ಜೊತೆ ಈ ಅಲಾಯ್‌ನ ಭಾರ, ಇದನ್ನೆಲ್ಲ ಪ್ರತಿ ಸಿಗ್ನಲ್‌ನಲ್ಲೂ ನಿಂತಲ್ಲಿಂದ ಎಳೆಯಬೇಕಾದದ್ದು ಬರೀ 796 ಸಿಸಿ ಎಂಜಿನ್. ಟೈರ್ ಉರುಳುವಾಗ ರಬ್ಬರ್ ಅಮುಕಿ ಬಿಸಿಯಾಗಿ ತಿನ್ನುವ ಶಕ್ತಿಯೂ ಪೆಟ್ರೋಲಿನಿಂದಲೇ ಬರಬೇಕು ಅಲ್ವಾ? ಟೈರ್ ಮಾರಿ ಬದುಕುವವರಿಗೆ ಇದನ್ನು ನಾನು ಹೇಳಿಕೊಡಬೇಕಾ? ರಸ್ತೆ ಮೇಲೆ ಹಿಡಿತ ತಪ್ಪುವಷ್ಟು, 40 ಗಾಳಿ ತುಂಬಿಸಿ ಮೈಲೇಜ್ ತೋರಿಸುವುದಾದರೆ ಬ್ರೇಕ್ ಹಿಡಿಯುವಾಗ ನೀವೇ ಬಂದು ಪಕ್ಕದಲ್ಲಿ ಕೂರಿ.

ನಾಲ್ಕೂ ಟೈರ್, ಅಲಾಯ್ ವಾಪಸ್ ತಗೊಂಡು ದುಡ್ಡು ಕೊಡಿ. ನನ್ನ ಹಳೇ ಸ್ಟೀಲ್ ರಿಮ್ ಕೂಡ ಬೇಕು. ಒಂದು ವಾರ ನೋಡುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಅಲ್ಲಿಂದ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದೊಳಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ಕೇಸ್ ನಡೆಯುವಷ್ಟು ದಿನ ನಿಮ್ಮ ಅಂಗಡಿ ಎದುರಿನ ಫುಟ್‌ಪಾತ್ ಮೇಲೆ ಕುರ್ಚಿ ಹಾಕಿ ಕೂರುತ್ತೇನೆ. ಬರುವ ಪ್ರತಿ ಗಿರಾಕಿಗೂ ಡ್ರೈವರ್ ಬಾಗಿಲು ತೆಗೆಸಿ, ಅಲ್ಲಿ ಅಂಟಿಸಿರುವ ಟೈರ್ ಸೈಜ್ ಓದಿ ಹೇಳುತ್ತೇನೆ. ನಾನು ರಿಟೈರ್ ಆದವನು, ಟೈಮ್ ಬೇಕಾದಷ್ಟಿದೆ.

ಇಂತಿ,
ನೀವು ನಕ್ಕ ಆಲ್ಟೋ ಅಂಕಲ್