ಲೇಹ್‌ಗೆ ಹೋದವರು ಮೊದಲ ಎರಡು ದಿನ ಸುಮ್ನೆ ಮಲಗಲಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಲಡಾಖ್ ಪ್ರವಾಸದ ಜಾಹೀರಾತುಗಳು ಶುರುವಾಗುತ್ತವೆ. ನಮ್ಮ ಪಕ್ಕದ ಮನೆಯ ಹುಡುಗ ಅಂಥದ್ದೊಂದು ಪ್ಯಾಕೇಜ್‌ನಲ್ಲಿ ಹೋಗಿದ್ದ. ಇಪ್ಪತ್ತಾರು ವಯಸ್ಸು, ದಿನಾ ಜಿಮ್‌ಗೆ ಹೋಗುವ ಗಟ್ಟಿ ಮೈಕಟ್ಟು. ಬೆಳಿಗ್ಗೆ ದೆಹಲಿಯಲ್ಲಿ ವಿಮಾನ ಹತ್ತಿ ಒಂದೂವರೆ ಗಂಟೆಯಲ್ಲಿ ಲೇಹ್ ತಲುಪಿದ. ಮಾರನೇ ದಿನವೇ ಖರ್ದುಂಗ್ ಲಾ ಎಂಬ ಇನ್ನೂ ಎತ್ತರದ ಬೆಟ್ಟದ ದಾರಿ ಹತ್ತಿಸಿದರು. ಆ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಬಂತು. "ಅಂಕಲ್, ಕಣ್ಣು ಹತ್ತಿದ ತಕ್ಷಣ ಉಸಿರು ನಿಂತುಹೋಗುತ್ತೆ. ಗಾಬರಿಯಾಗಿ ಎದ್ದು ಕೂರ್ತೀನಿ. ಟೂರ್‌ನವರು ನಿದ್ದೆ ಮಾತ್ರೆ ಕೊಟ್ಟಿದ್ದಾರೆ, ತಗೊಳ್ಳಲಾ?"

ಬೇಡ ಅಂದೆ. ಯಾಕೆ ಬೇಡ ಅನ್ನೋದನ್ನು ಹೇಳಲೆಂದೇ ಈ ಪತ್ರ.

ನಾನು ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ಎರಡು ಸಲ ಲಡಾಖ್‌ನಲ್ಲಿ ಕೆಲಸ ಮಾಡಿದ್ದೇನೆ. ಕತ್ತಿನ ಪಕ್ಕದಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ ಅಲ್ವಾ? ಆ ರಕ್ತನಾಳ ಕವಲೊಡೆಯುವ ಜಾಗದಲ್ಲಿ ಎರಡೂ ಕಡೆ ಅಕ್ಕಿಕಾಳಿನಷ್ಟು ದೊಡ್ಡ ಒಂದೊಂದು ಗಂಟಿದೆ. ಹೆಸರು ಕ್ಯಾರೊಟಿಡ್ ಬಾಡಿ. ರಕ್ತದಲ್ಲಿ ಆಕ್ಸಿಜನ್ ಇಳಿದರೆ ಮೊದಲು ಗೊತ್ತಾಗುವುದು ಅದರೊಳಗಿನ ಜೀವಕೋಶಗಳಿಗೆ. ಅವುಗಳ ಪೊಟ್ಯಾಸಿಯಂ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಕೂಡಲೇ ನರದ ಮೂಲಕ ಮಿದುಳಿಗೆ ಸುದ್ದಿ ಹೋಗುತ್ತದೆ. ಮಿದುಳು ಉಸಿರಾಟ ಜೋರು ಮಾಡುತ್ತದೆ. ಇದೆಲ್ಲ ಕೆಲವೇ ಸೆಕೆಂಡುಗಳ ಕೆಲಸ.

ಆದರೆ ಲೇಹ್‌ನ ಎತ್ತರ ಸುಮಾರು 3,500 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಮೂರನೇ ಎರಡು ಭಾಗದಷ್ಟೇ. ಜೋರಾಗಿ ಉಸಿರಾಡಿದಾಗ ಕಾರ್ಬನ್ ಡೈಆಕ್ಸೈಡ್ ಕೂಡ ಜಾಸ್ತಿ ಹೊರಗೆ ಹೋಗುತ್ತದೆ. ಅದು ತೀರಾ ಕಡಿಮೆಯಾದರೆ ಮಿದುಳು "ಸಾಕು" ಎಂದು ಉಸಿರನ್ನೇ ನಿಲ್ಲಿಸುತ್ತದೆ. ನಿದ್ದೆಯಲ್ಲಿ ಇದು ಎದ್ದು ಕಾಣುತ್ತದೆ. ಹೊಸ ಹುಡುಗರು ಬಂದ ರಾತ್ರಿ ನಾನು ಬ್ಯಾರಕ್‌ನಲ್ಲಿ ಕೂತು ಕೇಳಿದ್ದೇನೆ. ಒಬ್ಬನ ಉಸಿರು ಏರುತ್ತಾ ಹೋಗುತ್ತದೆ, ಆಮೇಲೆ ಇಳಿಯುತ್ತದೆ, ಆಮೇಲೆ ಪೂರ್ತಿ ನಿಶ್ಶಬ್ದ. ಹತ್ತು ಎಣಿಸುತ್ತೇನೆ, ಹನ್ನೆರಡು ಎಣಿಸುತ್ತೇನೆ. ಅಷ್ಟರಲ್ಲಿ ಒಂದು ದೊಡ್ಡ ಏದುಸಿರು, ಮತ್ತೆ ಶುರು. ಆ ಏದುಸಿರು ಎಳೆಸುವುದು ಕತ್ತಿನ ಆ ಅಕ್ಕಿಕಾಳೇ. ಎಣ್ಣೆ ಹೊಡೆದರೂ ನಿದ್ದೆ ಮಾತ್ರೆ ನುಂಗಿದರೂ ಈ ಎಚ್ಚರಿಕೆ ಮಂಕಾಗಬಹುದು. ಅದಕ್ಕೇ ಬೇಡ ಅಂದದ್ದು.

ಕಡಿಮೆ ಆಕ್ಸಿಜನ್ ಹಾಗೇ ಮುಂದುವರಿದರೆ ಈ ಕೋಶಗಳು ಸುಸ್ತಾಗುವುದಿಲ್ಲ. ದಿನ ಕಳೆದಂತೆ ಇನ್ನೂ ಚುರುಕಾಗುತ್ತವೆ. ಅದೇ ಹೊತ್ತಿಗೆ ಮೂತ್ರಪಿಂಡ ರಕ್ತದಲ್ಲಿನ ಕ್ಷಾರವಾದ ಬೈಕಾರ್ಬನೇಟನ್ನು ಹೊರಹಾಕಿ, ಕಾರ್ಬನ್ ಡೈಆಕ್ಸೈಡ್ ಇಳಿದದ್ದರಿಂದ ಉಸಿರಿಗೆ ಬಿದ್ದಿದ್ದ ತಡೆ ಬಿಡಿಸುತ್ತದೆ. ವಾರಗಟ್ಟಲೆ ಇದ್ದರೆ ಕೋಶಗಳ ಸಂಖ್ಯೆಯೇ ಹೆಚ್ಚಿ ಗಂಟು ದಪ್ಪವಾಗುತ್ತದೆ. ಆಂಡಿಸ್ ಪರ್ವತದಲ್ಲೇ ಬದುಕಿದವರಲ್ಲಿ ಅದು ದೊಡ್ಡದಾಗಿರುವುದನ್ನು ಪೆರುವಿನ ವೈದ್ಯ ಹಾವಿಯರ್ ಆರಿಯಾಸ್ ಸ್ಟೆಲ್ಲಾ 1969ರಲ್ಲೇ ತೋರಿಸಿದ್ದರು. ಇನ್ನು ಮೂತ್ರಪಿಂಡದ ಕೋಶಗಳೂ ಆಕ್ಸಿಜನ್ ಕೊರತೆ ಗುರುತಿಸಿ, ಕೆಂಪು ರಕ್ತಕಣ ಜಾಸ್ತಿ ಮಾಡು ಎಂದು ಮೂಳೆಯ ಮಜ್ಜೆಗೆ ಹಾರ್ಮೋನ್ ಕಳಿಸುತ್ತವೆ. ಕೋಶಗಳು ಈ ಕೊರತೆಯನ್ನು ಹೇಗೆ ಕಂಡುಹಿಡಿಯುತ್ತವೆ ಎಂದು ತಿಳಿಸಿದ ಮೂವರಿಗೆ 2019ರ ನೊಬೆಲ್ ಬಂತು. ಲಡಾಖ್‌ನಲ್ಲಿ ಆರು ತಿಂಗಳು ಕಳೆದ ಮೇಲೆ ನನ್ನ ಹಿಮೋಗ್ಲೋಬಿನ್ 18 ದಾಟಿತ್ತು. ರಜೆಗೆ ಬಂದಾಗ ಅಮ್ಮ ನನ್ನ ಕೆಂಪು ಮುಖ ನೋಡಿ ಜ್ವರವೇನೋ ಎಂದು ಹಣೆ ಮುಟ್ಟಿದ್ದರು.

ಇದಕ್ಕೆಲ್ಲ ದಿನ ಬೇಕು. ಸೇನೆಯಲ್ಲಿ ಆ ಎತ್ತರಕ್ಕೆ ಹೋದವನಿಗೆ ಮೊದಲು ಆರು ದಿನ: ಎರಡು ದಿನ ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ, ಕೊನೆಗೆ ಸಣ್ಣ ಏರು. ಇನ್ನೂ ಮೇಲೆ ಹೋಗಬೇಕಾದರೆ ಮತ್ತೆ ನಾಲ್ಕು ದಿನ. ಎರಡು ತಿಂಗಳ ರಜೆ ಮುಗಿಸಿ ಬಂದವನಿಗೂ ಮೊದಲಿಂದಲೇ ಲೆಕ್ಕ. ಯಾಕೆಂದರೆ ಊರಿಗೆ ಇಳಿದ ಮೇಲೆ ಆ ಚುರುಕು ಹೋಗಿಬಿಡುತ್ತದೆ. 1962ರ ಯುದ್ಧದಲ್ಲಿ ಬಯಲಿನಿಂದ ನೇರವಾಗಿ ಮೇಲೆ ಹೋದ ಎಷ್ಟೋ ಹುಡುಗರ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತು. ಆ ವರ್ಷಗಳ 1,925 ಸೈನಿಕರ ಅನುಭವವನ್ನು ನಮ್ಮ ವೈದ್ಯರು 1969ರಲ್ಲಿ ಪ್ರಕಟಿಸಿದರು. ಈ ಆರು ದಿನದ ಹಿಂದೆ ಅಂಥ ನೋವಿದೆ.

ಪ್ರವಾಸಿಗರಿಗೆ ಇದು ಗೊತ್ತಿಲ್ಲದಿದ್ದರೆ ತಪ್ಪಲ್ಲ. ಕರೆದುಕೊಂಡು ಹೋಗುವವರಿಗೆ ಗೊತ್ತಿರಲೇಬೇಕು. ಕೈಗೊಂದು ಆಕ್ಸಿಜನ್ ಡಬ್ಬಿ ಕೊಟ್ಟರೆ ಮುಗಿಯಲಿಲ್ಲ. ಅದು ಮೂಗಿಗೆ ಹಿಡಿದಷ್ಟು ಹೊತ್ತು ಮಾತ್ರ. ನಮ್ಮ ಊರುಗಳ ಟೂರ್ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಲೇಹ್‌ನ ಮೊದಲ ಎರಡು ದಿನದ ಮುಂದೆ "ವಿಶ್ರಾಂತಿ" ಎಂದು ಅಚ್ಚು ಹಾಕಿ. 5,300 ಮೀಟರ್ ದಾಟುವ ಖರ್ದುಂಗ್ ಲಾ ಕೊನೆಗಿರಲಿ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ನಡೆಯುವಾಗ ಓಲಾಟ ಕಂಡರೆ ಆಕ್ಸಿಜನ್ ಕೊಡುತ್ತಲೇ ಕೆಳಗೆ ಇಳಿಸಿ. ಬೆಳಗಾಗಲಿ ಎಂದು ಕಾಯಬೇಡಿ.

ಆ ರಾತ್ರಿ ಹುಡುಗನಿಗೂ ಇದನ್ನೇ ಕೇಳಿದೆ. ಕೆಮ್ಮಿರಲಿಲ್ಲ. ರೂಮಿನಲ್ಲಿ ಗೆರೆ ಹಿಡಿದಂತೆ ನೇರವಾಗಿ ನಡೆದ. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗು ಅಂದೆ. ಜೊತೆಗಿದ್ದ ಗೆಳೆಯನಿಗೆ ಎರಡು ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿಸು, ಹೆಚ್ಚಾದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಹೇಳಿದೆ. ಮಾರನೇ ದಿನ ಪಾಂಗಾಂಗ್ ಸರೋವರಕ್ಕೆ ಉಳಿದವರು ಹೋದರು. ಇವನು ರೂಮಿನಲ್ಲೇ ಉಳಿದು, ಮೂರನೇ ದಿನ ಫೋನ್ ಮಾಡಿ "ಅಂಕಲ್, ರಾತ್ರಿ ಒಂದೇ ಸಲ ಎಚ್ಚರವಾಯ್ತು" ಅಂದ.

– ನಿವೃತ್ತ ಸೈನಿಕ, ಅರಕಲಗೂಡು, ಹಾಸನ ಜಿಲ್ಲೆ